ಬೀಸವ್ವ ಬಾರದ ದಿನಗಳು

ನಮ್ಮೂರಿಗೆ ಗಾಳಿ ಬರುತ್ತಿದ್ದದ್ದು ನೆಂಟರು ಬರುವ ಹಾಗೆ. ಬಿಸಿಲೇರುವ ಹೊತ್ತಿಗೆ ಗುಡ್ಡ ಇಳಿದು ಬರುತ್ತಿದ್ದಳು. ಕಣದಲ್ಲಿ ರಾಗಿ ತೂರುವವರಿಗೆ ಹೊಟ್ಟು ಹಾರಿಸಿಕೊಟ್ಟು, ಹಿತ್ತಿಲ ಹಗ್ಗದ ಮೇಲಿನ ಸೀರೆಗಳನ್ನು ಒಣಗಿಸಿ, ಮಕ್ಕಳ ಗಾಳಿಪಟಗಳ ಜೊತೆ ಒಂದಿಷ್ಟು ಹೊತ್ತು ಆಡಿ, ದೀಪ ಹಚ್ಚುವ ಹೊತ್ತಿಗೆ ಅವತ್ತು ಯಾರ ಮನೆಯ ಸರದಿಯೋ ಆ ಮನೆಯ ಮುಂಬಾಗಿಲಿನಿಂದ ಒಳಗೆ ಬಂದು ತಂಗುತ್ತಿದ್ದಳು. ಬೆಳಕು ಹರಿಯುತ್ತಲೇ ಎದ್ದು ಗುಡ್ಡದಾಚೆಗೆ ಹೋಗುತ್ತಿದ್ದಳು. ಎಲ್ಲಿಗೆ, ಯಾಕೆ ಅಂತ ಕೇಳುವ ವಾಡಿಕೆ ಇರಲಿಲ್ಲ. ನಾವು ಅವಳನ್ನು ಬೀಸವ್ವ ಎನ್ನುತ್ತಿದ್ದೆವು. ದೇವರು ಹೌದೋ ಅಲ್ಲವೋ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ದೇವರಾದವಳು ಗುಡಿಯಲ್ಲಿ ಕೂತು ನಾವು ಬರಲಿ ಅಂತ ಕಾಯುತ್ತಾಳೆ. ಇವಳು ತಾನೇ ನಮ್ಮ ಮನೆಗೆ ಬಂದು, ಗಡಿಗೆಯ ಮುಚ್ಚಳ ಬೀಳಿಸಿ, ಒಲೆಯ ಬೂದಿಯನ್ನು ಮೂಗಿಗೆ ಹಾರಿಸಿ, ಮುದುಕರ ಪಂಚೆ ಎಳೆದು ತಮಾಷೆ ನೋಡುತ್ತಿದ್ದಳು. ಬೈದರೂ ಬೇಸರ ಮಾಡಿಕೊಂಡವಳಲ್ಲ.

ಅವಳು ತಂಗಿದ ಮನೆಯನ್ನು ಮಾರನೆಯ ದಿನ ನೋಡುವ ಹಾಗಿರುತ್ತಿರಲಿಲ್ಲ. ನಡುಮನೆಯ ತುಂಬ ದೂಳು, ಮರಳು, ಯಾವುದೋ ಸೀಮೆಯ ಕೆಂಪು ಮಣ್ಣು, ನಾವು ಕಂಡರಿಯದ ಹೂವಿನ ಎಸಳು, ಹಕ್ಕಿ ಪುಕ್ಕ. ಒಮ್ಮೆ ನಮ್ಮ ಮನೆಯಲ್ಲಿ ಯಾರದೋ ಮದುವೆಯ ಅಕ್ಷತೆ ಕಾಳು ಬಿದ್ದಿತ್ತು. ಅದನ್ನೆಲ್ಲ ಹಾಗೇ ಬಿಡಬೇಕು. ಸಂಜೆ ಅವಳು ಮುಂದಿನ ಮನೆಯ ಹೊಸ್ತಿಲು ದಾಟಿದಳು ಅಂತ ಆ ಮನೆಯವರು ಕೂಗಿ ಹೇಳಿದ ಮೇಲೆಯೇ ಈ ಮನೆಯವರು ಪೊರಕೆ ಹಿಡಿಯಬೇಕು. ಮನೆಯಿಂದ ಒಬ್ಬರು ಹೊರಟ ಕೂಡಲೇ ಗುಡಿಸುವುದು ಯಾವಾಗ? ಹೆಣ ಎತ್ತಿದ ಮೇಲೆ. ಇನ್ನು ಈ ಕಡೆಗೆ ಬರಬೇಡ ಅನ್ನುವುದಕ್ಕೆ. ಅದನ್ನು ಬದುಕಿರುವ ನೆಂಟರಿಗೆ ಮಾಡುವವರು ಉಂಟೆ? ನಮ್ಮೂರಿನಲ್ಲಿ ಕೂಸುಗಳಿಗೂ ಇದು ಗೊತ್ತಿತ್ತು.

ಕೂಸುಗಳ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಹುಟ್ಟಿದ ಯಾವ ಮಗುವೂ ತಾನಾಗಿ ಉಸಿರಾಡಿದ್ದಿಲ್ಲ. ಮಗು ನೆಲಕ್ಕೆ ಬೀಳುತ್ತಿದ್ದ ಹಾಗೆ ಬೀಸವ್ವ ಎಲ್ಲಿದ್ದರೂ ಅಷ್ಟು ದೂರದಿಂದ ಬಂದುಬಿಡುತ್ತಿದ್ದಳು. ಬಾಗಿಲ ಪರದೆ ಒಮ್ಮೆ ಉಬ್ಬುತ್ತಿತ್ತು, ಮಗು ಕಿಟಾರನೆ ಅಳುತ್ತಿತ್ತು. ಸಾಯುವವರ ಹತ್ತಿರವೂ ಹಾಗೇ ಬಂದು, ಕೊಟ್ಟದ್ದನ್ನು ಮೆತ್ತಗೆ ಈಸಿಕೊಂಡು ಹೋಗುತ್ತಿದ್ದಳು. ಪರದೆ ಒಳಕ್ಕೆ ಉಬ್ಬಿದರೆ ಹುಟ್ಟು, ಹೊರಕ್ಕೆ ಉಬ್ಬಿದರೆ ಸಾವು. ಬೀದಿಯಲ್ಲಿ ಹೋಗುವವರು ಪರದೆ ನೋಡಿಯೇ ನಗಬೇಕೋ ಅಳಬೇಕೋ ತಿಳಿದುಕೊಳ್ಳುತ್ತಿದ್ದರು.

ನನ್ನ ಹೆಸರು ಪುಟ್ಟೀರವ್ವ. ನನ್ನ ಗಂಡ ಬಾಯಿ ಸತ್ತವನು, ಅವನ ಪಾಲಿನ ಮಾತನ್ನೂ ನಾನೇ ಆಡಿ ಅಭ್ಯಾಸ. ನನಗೊಬ್ಬಳೇ ಮಗಳು, ಹೊಂಬಾಳೆ. ಬಹಳ ವರ್ಷ ಬಸಿರು ನಿಲ್ಲದೆ, ಅತ್ತೆ ಮನೆಯವರ ಬಾಯಲ್ಲಿ ಬೇಡದ್ದೆಲ್ಲ ಅನ್ನಿಸಿಕೊಂಡು, ಕೊನೆಗೂ ತುಂಬಿದ ಬಸುರಿಯಾಗಿ ನನ್ನ ಮನೆಗೆ ಬಾಣಂತನಕ್ಕೆ ಬಂದಿದ್ದಳು. ಅವಳು ಎದ್ದರೆ ನನಗೆ ದಿಗಿಲು, ಕೂತರೆ ದಿಗಿಲು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಒದೆಯುವುದನ್ನು ನೋಡದೆ ನಾನು ಒಂದು ಹೊತ್ತಿನ ಊಟ ಮಾಡಿದವಳಲ್ಲ.

ಆ ಸಲ ಬೀಸವ್ವನ ಸರದಿ ನಮ್ಮ ಮನೆಗೆ ಬಂತು. ಹೊಂಬಾಳೆಯ ಮಂಚದ ಪಕ್ಕದಲ್ಲೇ ಸುಳಿದಾಡಿಕೊಂಡಿದ್ದು, ಎಂದಿಗಿಂತ ಮೆತ್ತಗೆ, ಒಂದು ಮುಚ್ಚಳವನ್ನೂ ಬೀಳಿಸದೆ, ಬೆಳಿಗ್ಗೆ ಎದ್ದು ಹೋದಳು. ನಾನು ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋದೆ. ಬರುವಷ್ಟರಲ್ಲಿ ನಡುಮನೆಯ ದೂಳಿನ ನಡುವೆ, ಮಂಚದಿಂದ ಹಿತ್ತಿಲ ಬಾಗಿಲಿನ ತನಕ, ಬೈತಲೆ ತೆಗೆದ ಹಾಗೆ ಒಂದು ಸ್ವಚ್ಛವಾದ ದಾರಿ. ದಾರಿಯ ಕೊನೆಯಲ್ಲಿ ಹೊಂಬಾಳೆ ಪೊರಕೆ ಹಿಡಿದು ನಿಂತಿದ್ದಳು.

"ದಾರಿಯಷ್ಟೇ ಗುಡಿಸ್ದೆ ಕಣವ್ವ," ಅಂದಳು. ಮುಖ ಆಗಲೇ ಬಿಳಿಚಿಕೊಂಡಿತ್ತು. "ಬಚ್ಚಲಿಗೆ ಹೋಗೋವಾಗ ಮರಳಿನ ಮೇಲೆ ಕಾಲು ಜಾರ್ತು. ಗೋಡೆ ಹಿಡ್ಕಂಡೆ ಸರಿಹೋಯ್ತು. ಬಿದ್ದುಬುಟ್ಟಿದ್ರೆ ಏನ್ ಗತಿ? ಅದ್ಕೇ ದಾರಿಯಷ್ಟೇ..."

"ದೂಳು ಎಲ್ಲಿ ಹಾಕ್ದೆ?"

"ತಿಪ್ಪೇಲಿ."

ಬೈಯಲು ಬಾಯಿ ತೆರೆದೆ. ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದದ್ದು ನೋಡಿ ಬಾಯಿ ಮುಚ್ಚಿಕೊಂಡೆ. "ಬೀಳ್ದೆ ಇದ್ಯಲ್ಲ, ಅಷ್ಟು ಸಾಕು, ಸುಮ್ಕೆ ಮಲಕ್ಕೊ," ಅಂದೆ. "ಬೀಸವ್ವನಿಗೆ ಗೊತ್ತಾಗ್ತದಾ ಅವ್ವ?" ಅಂದಳು. "ಅವ್ಳಿಗೆ ನೂರೆಂಟು ಕೆಲ್ಸ. ನಿನ್ನ ಒಂದು ಮೊಳ ನೆಲ ನೋಡ್ಕಂಡು ಕೂತಿರ್ತಾಳಾ?" ಅಂತ ಗದರಿದೆ. ಅಂದದ್ದೇನೋ ಅಂದೆ, ಆದರೆ ಆವತ್ತು ಬಿಸಿಲೇರುವ ಹೊತ್ತಿಗೆ ನಾಲ್ಕು ಸಲ ಬೀದಿಗೆ ಬಂದು ಗುಡ್ಡದ ಕಡೆ ನೋಡಿದೆ.

ಅವಳು ಬರಲಿಲ್ಲ. ಕಣದಲ್ಲಿ ಮೊರ ಎತ್ತಿ ನಿಂತವರು ಕೈ ನೋವು ಬಂದು ಇಳಿಸಿದರು. ಮೊದಲು ಎಲ್ಲರೂ ನಗಾಡಿದರು, ಗುಡ್ಡದಾಚೆ ಯಾರೋ ಹೋಳಿಗೆ ಮಾಡಿರಬೇಕು, ಉಂಡು ಮಲಗಿದ್ದಾಳೆ ಅಂತ. ಆವತ್ತಿನ ಸರದಿ ನಮ್ಮ ಪಕ್ಕದ ಮನೆಯ ಕಾಟಮ್ಮನದು. ಸೊಸೆಯಂದಿರ ಮೇಲೆ ಕೂಗಾಡುವುದರಲ್ಲಿ, ಮೀನುಸಾರು ಮಾಡುವುದರಲ್ಲಿ, ನನ್ನ ಜೊತೆ ಬೇಲಿಯ ವಿಷಯಕ್ಕೆ ಜಗಳ ಕಾಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯ ದೀಪ ಅಲುಗದೆ ನೆಟ್ಟಗೆ ಉರಿಯಿತು. ಎಣ್ಣೆ ಮುಗಿದು ಆರುವವರೆಗೂ ಅದು ಹಾಗೆ ನೆಟ್ಟಗೇ ಇತ್ತು. ನಮ್ಮೂರಿನಲ್ಲಿ ಅಲುಗದ ದೀಪವನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಗಾಳಿಯಿಲ್ಲದ ಊರು ಹೇಗಿರುತ್ತದೆ ಅಂತ ನಿಮಗೆ ಹೇಳಿದರೆ ತಿಳಿಯುವುದು ಕಷ್ಟ. ಒಲೆಯ ಹೊಗೆ ಚದುರದೆ ಪ್ರತಿ ಮನೆಯ ಮೇಲೂ ಕಂಬದ ಹಾಗೆ ನಿಂತುಬಿಟ್ಟಿತು. ನಿನ್ನೆ ಹುರಿದ ಈರುಳ್ಳಿಯ ವಾಸನೆ ಬೀದಿಯ ಅದೇ ಜಾಗದಲ್ಲಿ ಇವತ್ತೂ ಇರುತ್ತಿತ್ತು, ಜನ ಅದನ್ನು ಬಳಸಿಕೊಂಡು ನಡೆಯುವುದನ್ನು ಕಲಿತರು. ಒಗೆದ ಬಟ್ಟೆ ಒಣಗದೆ ಮುಗ್ಗಲು ಹಿಡಿಯಿತು. ಕೂಗಿದ್ದು ದೂರಕ್ಕೆ ಕೇಳುತ್ತಿರಲಿಲ್ಲ, ಹಾಗಾಗಿ ಜಗಳವಾಡಬೇಕಾದರೂ ಹತ್ತಿರ ಹೋಗಿ ಮುಖ ನೋಡಿಕೊಂಡು ಆಡಬೇಕಾಯಿತು, ಅದರಿಂದ ಊರಲ್ಲಿ ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು. ಒಳ್ಳೆಯದಾಯಿತು ಅಂತ ಯಾರೂ ಅನ್ನಲಿಲ್ಲ. ಮೂಲೆಮನೆಯ ಜವರಜ್ಜ ಕೊನೆಯ ಉಸಿರನ್ನು ಬಾಯ ತುದಿಗೆ ತಂದುಕೊಂಡು ಮಲಗಿದ್ದವನು, ಈಸಿಕೊಳ್ಳುವವರಿಲ್ಲದೆ ಹಾಗೇ ಕಣ್ಣು ಬಿಟ್ಟುಕೊಂಡಿದ್ದ. ಅವನ ಮಕ್ಕಳು ಸರದಿಯ ಮೇಲೆ ಬೀಸಣಿಗೆ ಬೀಸುತ್ತಿದ್ದರು. ಬೀಸಣಿಗೆಯ ಗಾಳಿಗೆ ಯಾರೂ ಗೊತ್ತಿರಲಿಲ್ಲ.

ನನಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. ನನಗಿದ್ದದ್ದು ಒಂದೇ ಚಿಂತೆ, ಹೊಂಬಾಳೆಗೆ ದಿನ ತುಂಬಿತ್ತು. ಬೀಸವ್ವ ಬರದಿದ್ದರೆ ಆ ಮಗುವಿಗೆ ಉಸಿರು ಕೊಡುವವರು ಯಾರು? ಹೊಂಬಾಳೆ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿ, ಮಗು ಒದ್ದಾಗಲೆಲ್ಲ, "ಇನ್ನೂ ಸ್ವಲ್ಪ ದಿನ ಅಲ್ಲೇ ಇರು, ಅಲ್ಲೇ ಇರು," ಅಂತ ಪಿಸುಗುಡುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ.

ಊರ ಯಜಮಾನ ಬೋರಲಿಂಗಯ್ಯ ಎಲ್ಲರನ್ನೂ ಆಲದ ಮರದ ಕೆಳಗೆ ಸೇರಿಸಿದ. ಒಳ್ಳೆಯ ಮನುಷ್ಯ, ಆದರೆ ತಾನು ಹೇಳಿದ್ದೇ ಕೊನೆಯ ಮಾತಾಗಬೇಕು ಅನ್ನುವ ಚಪಲ. ವಿಚಾರ ಎರಡೇ. ಒಂದೋ ಬೀಸವ್ವನನ್ನು ಕಳಿಸಿಕೊಟ್ಟ ಮನೆಯಲ್ಲಿ ತಪ್ಪಾಗಿದೆ, ಇಲ್ಲವೇ ಎದುರುಗೊಳ್ಳಬೇಕಿದ್ದ ಮನೆಯಲ್ಲಿ. ಅಂದರೆ ನಮ್ಮ ಮನೆ, ಇಲ್ಲವೇ ಕಾಟಮ್ಮನ ಮನೆ. ತಪ್ಪು ಮಾಡಿದವರೇ ಗುಡ್ಡ ಹತ್ತಿ ಆಚೆಗೆ ಹೋಗಿ ಕರೆದುಕೊಂಡು ಬರಬೇಕು, ಅದು ಕಟ್ಟಳೆ. ಗುಡ್ಡದಾಚೆಗೆ ಹೋಗಿ ಬಂದವರು ನಮ್ಮೂರಲ್ಲಿ ಒಬ್ಬರೂ ಇರಲಿಲ್ಲ.

"ಕಾಟಮ್ಮ, ನಿಜ ಹೇಳು, ಅವತ್ತು ನಿಮ್ಮನೇಲಿ ಏನ್ ನಡೀತು?" ಅಂದ ಬೋರಲಿಂಗಯ್ಯ.

"ಏನ್ ನಡೀತು? ಬಾಗ್ಲು ತೊಳ್ದೆ, ರಂಗೋಲೆ ಬುಟ್ಟೆ, ತಟ್ಟೆ ಹಿಡ್ಕಂಡು ಕಾಲು ಸೋಲೋಗಂಟ ನಿಂತೆ."

"ಮೆಣಸಿನಕಾಯಿ ಹುರಿದ್ರಂತಲ್ಲ. ಬೀದಿಯೆಲ್ಲ ಕೆಮ್ಮಿದ್ರಂತೆ."

"ಹುರಿದೆ. ಸಾರಿಗೆ ಕಾರ ಬ್ಯಾಡ್ವಾ? ಬೀಸವ್ವ ನನ್ನ ಮೆಣಸಿನಕಾಯಿ ವಾಸ್ನೆ ಮೊದಲ್ನೇ ಸಲ ಕುಡೀತಾ ಇದ್ಲಾ?"

ಜನ ಗುಜುಗುಜು ಅಂದರು. ಬೋರಲಿಂಗಯ್ಯ ನನ್ನ ಕಡೆ ತಿರುಗಿ, "ಪುಟ್ಟೀರವ್ವ, ನಿಮ್ಮನೇಲಿ?" ಅಂದ. "ಬಸುರಿ ಮನೇಲಿ ಮಡಗ್ಕಂಡು ನಾನು ಅಂಥದ್ದು ಮಾಡ್ತೀನಾ?" ಅಂದೆ. ನನ್ನ ಮಟ್ಟಿಗೆ ಅದು ನಿಜವೇ ಆಗಿತ್ತು. ನಿಜವಲ್ಲದಿದ್ದರೂ ಹೇಳುತ್ತಿದ್ದೆ. ದಿನ ತುಂಬಿದ ಮಗಳನ್ನು ಗುಡ್ಡ ಹತ್ತಿಸಲು ಯಾವ ತಾಯಿ ಬಾಯಿ ಬಿಡುತ್ತಾಳೆ, ನೀವೇ ಹೇಳಿ. ಕಾಟಮ್ಮ ಮಾರನೆಯ ಬೆಳಿಗ್ಗೆ ಹೊರಡಬೇಕು ಅಂತ ತೀರ್ಮಾನವಾಯಿತು. ಆಲದ ಎಲೆಯೊಂದು ಮರದಿಂದ ಕಳಚಿ ನೆಟ್ಟಗೆ ಅವಳ ಕಾಲ ಬಳಿ ಬಿತ್ತು. ಅವಳು ಅದನ್ನು ಒದ್ದು ಮನೆಗೆ ಹೋದಳು.

ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾದಾಗ ನಾನು ಮೊರ ತೆಗೆದುಕೊಂಡು ತಿಪ್ಪೆಯ ಹತ್ತಿರ ಹೋದೆ. ಹೊಂಬಾಳೆ ಚೆಲ್ಲಿದ ದೂಳು ಚೆಲ್ಲಿದ ಹಾಗೇ ಬಿದ್ದಿತ್ತು. ಅದನ್ನು ಅಲ್ಲಿಂದ ಕದಲಿಸುವವರಾದರೂ ಯಾರಿದ್ದರು? ಬೂದಿ ಬೇರೆ, ತರಕಾರಿ ಸಿಪ್ಪೆ ಬೇರೆ, ಬೀಸವ್ವನ ದೂಳು ಬೇರೆ ಮಾಡುತ್ತಾ ಕುಕ್ಕರಗಾಲಲ್ಲಿ ಕೂತೆ. ಇದ್ದದ್ದನ್ನು ಇದ್ದಲ್ಲಿಗೇ ಹಾಕಿಬಿಟ್ಟರೆ, ಗುಡಿಸಿದ್ದು ಗುಡಿಸದ ಹಾಗೆ ಆದೀತು ಅನ್ನುವ ಆಸೆ. ಒಂದು ನೀಲಿ ಎಸಳು ಸಿಕ್ಕಿದಾಗ ಮಗುವೇ ಸಿಕ್ಕಿದಷ್ಟು ಸಂತೋಷಪಟ್ಟೆ.

"ಏನವ್ವ, ತಿಪ್ಪೇಲಿ ಚಿನ್ನ ಕಳ್ಕಂಡಿದ್ದೀಯಾ?" ಅಂತ ಬೆನ್ನ ಹಿಂದೆ ಮಾತು ಕೇಳಿತು. ಕಾಟಮ್ಮ. ಬೇಲಿಯ ಆಚೆ ನಿಂತು ನನ್ನ ಮೊರವನ್ನೂ ಮುಖವನ್ನೂ ನೋಡಿದಳು. ಗಾಳಿಯಿಲ್ಲದೆ ಮಾತು ಕೇಳಬೇಕಲ್ಲ, ಬೇಲಿ ದಾಟಿ ತೀರಾ ಹತ್ತಿರ ಬಂದಳು. ಆ ಬೇಲಿಗಾಗಿ ನಾವಿಬ್ಬರೂ ಆಡಬಾರದ ಮಾತುಗಳನ್ನೆಲ್ಲ ಆಡಿದ್ದೆವು. "ಹೊಂಬಾಳೆ ಗುಡಿಸಿದ್ಲಾ?" ಅಂದಳು.

ನಾನು ತಲೆ ಎತ್ತಲಿಲ್ಲ. "ಕಾಲು ಜಾರ್ತಂತೆ," ಅಂದೆ. "ದಾರಿಯಷ್ಟೇ."

ಕಿರುಚುತ್ತಾಳೆ, ಬೋರಲಿಂಗಯ್ಯನನ್ನು ಕರೆಯುತ್ತಾಳೆ ಅಂತ ಕಾದೆ. ಅವಳು ನಿಟ್ಟುಸಿರು ಬಿಟ್ಟು ನನ್ನ ಎದುರಿಗೆ ಕೂತಳು, ಕಾಲು ನೋವಿಗೆ ಗೊಣಗಿಕೊಂಡಳು, ಆಮೇಲೆ ಬೂದಿಯೊಳಗಿಂದ ಒಂದು ಪುಕ್ಕ ಎತ್ತಿ ನನ್ನ ಮೊರಕ್ಕೆ ಹಾಕಿದಳು. "ಇಷ್ಟು ಹೊತ್ತೂ ನನ್ನ ಮೆಣಸಿನಕಾಯಿಗೆ ಶಾಪ ಹಾಕ್ಸಿದ್ಯಲ್ಲೇ ಪಾಪಿ," ಅಂದಳು. "ನಾಳೆ ನಾನೇ ಹೋಯ್ತೀನಿ ಬುಡು. ನನಗೇನು ಹೊಟ್ಟೇಲಿ ಕೂಸಾ? ನನ್ನ ಕೋಳಿಗಳಿಗೆ ಮಾತ್ರ ಕಾಳು ಹಾಕು. ಸೊಸೇರ ಮೇಲೆ ನಂಬಿಕೆ ಇಲ್ಲ." ನನಗೆ ಅವಳ ಕೈ ಹಿಡಿಯಬೇಕು ಅನ್ನಿಸಿತು, ಎರಡೂ ಕೈ ತಿಪ್ಪೆಯ ಕೈ. ಇಬ್ಬರೂ ಸೇರಿ ಸಿಕ್ಕಷ್ಟು ದೂಳನ್ನು ತಂದು, ಆ ಬೈತಲೆಯ ಉದ್ದಕ್ಕೂ ಉದುರಿಸಿದೆವು. ನೋಡುವವರ ಕಣ್ಣಿಗೆ ಗುರುತೇ ಸಿಗದ ಹಾಗೆ ಮುಚ್ಚಿತು.

ಮಾರನೆಯ ಬೆಳಿಗ್ಗೆ ಕಾಟಮ್ಮ ಬುತ್ತಿ ಕಟ್ಟಿಕೊಂಡು ಹೊರಟು ನಿಂತಳು. ಅಷ್ಟರಲ್ಲೇ ಹೊಂಬಾಳೆಗೆ ನೋವು ಶುರುವಾಯಿತು. ಸೂಲಗಿತ್ತಿ ಸಣ್ಣತಾಯಮ್ಮನನ್ನು ಕರೆಯಲು ನನ್ನ ಗಂಡ ಓಡಿದ, ಬಾಯಿ ಸತ್ತವನು ಅವತ್ತು ಬೀದಿಯುದ್ದಕ್ಕೂ ಕೂಗುತ್ತಾ ಓಡಿದ. ಸುದ್ದಿ ಹಬ್ಬಿತು. ಬೋರಲಿಂಗಯ್ಯ ಕಾಟಮ್ಮನನ್ನು ತಡೆದ. "ನೀನು ಹೋಗೋದು ಬ್ಯಾಡ. ಕೂಸು ಹುಟ್ಟೋ ಮನೆಗೆ ಬೀಸವ್ವ ಬರ್ದೆ ಇದ್ದದ್ದೇ ಇಲ್ಲ. ಇದಕ್ಕೆ ಬಂದೇ ಬರ್ತಾಳೆ. ಬಂದ್ಲು ಅಂದ್ರೆ ಹಿಡ್ಕಂಡು ಬುಡಾಣ," ಅಂದ.

ನೋಡನೋಡುತ್ತಲೇ ಊರೆಲ್ಲ ನಮ್ಮ ಮನೆಯ ಮುಂದೆ ಸೇರಿತು. ಕಣದವರು ಮೊರಗಳನ್ನೇ ಹಿಡಿದು ಬಂದಿದ್ದರು. ಜವರಜ್ಜನ ಮಕ್ಕಳು ಅಪ್ಪನನ್ನು ಮಂಚದ ಸಮೇತ ಹೊತ್ತು ತಂದು ಜಗಲಿಯ ಮೇಲೆ ಇಟ್ಟರು. ಎಲ್ಲರ ಕಣ್ಣೂ ನಮ್ಮ ಬಾಗಿಲ ಪರದೆಯ ಮೇಲೆ. ಒಳಗೆ ಸಣ್ಣತಾಯಮ್ಮ ದೂಳು ನೋಡಿ, "ಇದೇನ್ ಪುಟ್ಟೀರವ್ವ, ಇಂಥ ನೆಲದ ಮೇಲೆ ಹೆರಿಗೆ ಮಾಡ್ಸೋದಾ? ಗುಡಿಸು ಮೊದ್ಲು," ಅಂದಳು. "ಸತ್ರೂ ಗುಡಿಸಲ್ಲ," ಅಂದೆ. ನನ್ನ ಮುಖದಲ್ಲಿ ಏನಿತ್ತೋ, ಅವಳು ದೂಳಿನ ಮೇಲೆಯೇ ಚಾಪೆ ಹಾಸಿದಳು.

ಮಗಳು ಪಟ್ಟ ನೋವನ್ನು ಇಲ್ಲಿ ಹೇಳುವುದಿಲ್ಲ. ಹೆತ್ತವರಿಗೆ ಗೊತ್ತು, ಹೆರದವರಿಗೆ ಯಾಕೆ ಬೇಕು. ಅವಳು ಕೂಗಿದ್ದು ಬೀದಿಯವರೆಗೆ ಹೋಗದೆ ನಡುಮನೆಯಲ್ಲೇ ನಿಂತುಬಿಡುತ್ತಿತ್ತು. ಒಂದು ಕೂಗಿನ ಮೇಲೆ ಇನ್ನೊಂದು ಸೇರಿ, ಮನೆಯೇ ಹೆರುತ್ತಿದೆ ಅನ್ನಿಸುತ್ತಿತ್ತು. ನಡುನಡುವೆ ನನ್ನ ಕೈ ಹಿಡಿದು, "ಬಂದ್ಲಾ ಅವ್ವ, ಬಂದ್ಲಾ?" ಅಂತ ಕೇಳುತ್ತಿದ್ದಳು. ನಾನು ಪ್ರತಿ ಸಲವೂ, "ಗುಡ್ಡ ಇಳೀತಾ ಅವ್ಳೆ ಕಣವ್ವ," ಅನ್ನುತ್ತಿದ್ದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು. ಸಣ್ಣತಾಯಮ್ಮ ಹೊಕ್ಕುಳಬಳ್ಳಿ ಕೊಯ್ದು, ಒರೆಸಿ, ಎರಡೂ ಅಂಗೈ ಮೇಲೆ ಇಟ್ಟುಕೊಂಡು ಬಾಗಿಲ ಕಡೆಗೆ ಹಿಡಿದಳು. ಹಾಗೆ ಹಿಡಿಯುವುದೇ ಪದ್ಧತಿ. ಪರದೆ ಅಲುಗಲಿಲ್ಲ. ಮಗುವಿನ ಎದೆ ಅಲುಗಲಿಲ್ಲ. ಕೆಂಪಗಿದ್ದ ಮುಖ ನೇರಳೆಯಾಯಿತು. ಸಣ್ಣ ಕೈಯೊಂದು ಮುಷ್ಟಿ ಹಿಡಿದಿದ್ದದ್ದು ನಿಧಾನವಾಗಿ ಬಿಚ್ಚಿಕೊಂಡಿತು.

"ಇರಿ, ಯಾರೂ ಏನೂ ಮಾಡ್ಬ್ಯಾಡಿ," ಅಂತ ಪರದೆಯ ಆಚೆಯಿಂದ ಬೋರಲಿಂಗಯ್ಯ ಅಂದ. "ಬರ್ತಾಳೆ. ಇನ್ನೊಸಿ ಹೊತ್ತು ತಡ್ಕಳಿ."

"ಅವ್ವ," ಅಂದಳು ಹೊಂಬಾಳೆ. ಅಷ್ಟೇ ಅಂದಳು.

ನಾನು ಸಣ್ಣತಾಯಮ್ಮನ ಕೈಯಿಂದ ಮಗುವನ್ನು ಕಿತ್ತುಕೊಂಡೆ. ಏನು ಮಾಡಬೇಕು ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಅದನ್ನು ಮಾಡಿದವರೇ ಇರಲಿಲ್ಲ. ಒಲೆಯಲ್ಲಿ ಕೆಂಡ ಆರುತ್ತಿದ್ದರೆ ಊದುವುದು ಮಾತ್ರ ಗೊತ್ತಿತ್ತು. ಅದರ ಪುಟ್ಟ ಬಾಯಿ ಮೂಗು ಎರಡನ್ನೂ ನನ್ನ ಬಾಯಿಯೊಳಗೆ ಮುಚ್ಚಿಕೊಂಡು ಊದಿದೆ. ಬೀಸವ್ವ ನನಗೆ ಹುಟ್ಟುವಾಗ ಕೊಟ್ಟಿದ್ದದ್ದು, ನಾನು ಇಷ್ಟು ವರ್ಷ ಬೈಯುವುದಕ್ಕೂ ಹಾಡುವುದಕ್ಕೂ ಖರ್ಚು ಮಾಡಿ ಉಳಿಸಿಕೊಂಡಿದ್ದದ್ದು, ಒಳಗಿಂದ ಹೊರಟಿತು. ಏನೋ ಒಂದು ಬೇರು ಸಮೇತ ಕಿತ್ತುಬಂದ ಹಾಗಾಯಿತು. ಕಣ್ಣು ಕತ್ತಲೆ ಬಂತು. ಮತ್ತೆ ಊದಿದೆ. ಮಗುವಿನ ಎದೆ ಎದ್ದಿತು, ಇಳಿಯಿತು, ತಾನಾಗಿ ಎದ್ದಿತು. ಕಿಟಾರನೆ ಅತ್ತಿತು.

ಆಗಲೇ ಪರದೆ ಉಬ್ಬಿತು.

ಅವಳು ಬಂದಿದ್ದಳು. ಜಗಲಿಯಲ್ಲಿದ್ದವರೆಲ್ಲರೂ ನೋಡಿದರು, ಮನೆಗಳ ಮೇಲೆ ನಿಂತಿದ್ದ ಹೊಗೆಯ ಕಂಬಗಳು ಒಂದೊಂದಾಗಿ ವಾಲಿದ್ದನ್ನು, ಕಣದವರ ಮೊರಗಳು ಕೈಯಲ್ಲಿ ನಡುಗಿದ್ದನ್ನು. ಹೊಸ್ತಿಲ ತನಕ ಬಂದು ನಿಂತಳು. ಮಗು ಅಳುತ್ತಿತ್ತು. ನೆಲದ ದೂಳಿನ ಒಂದು ಕಣವೂ ಅಲುಗಲಿಲ್ಲ, ಅವಳು ಕಾಲು ಒಳಗಿಡಲಿಲ್ಲ. ಕೊಡಲು ಹಿಡಿದು ತಂದದ್ದನ್ನು ಯಾರಿಗೆ ಕೊಡುವುದು ಅಂತ ತಿಳಿಯದೆ ನಿಂತಿರಬೇಕು. "ಬಾ ಒಳಕ್ಕೆ, ಬಾರವ್ವ," ಅಂತ ಕರೆಯಲು ಹೋದೆ, ಮಾತು ಹೊರಡಲಿಲ್ಲ, ನನ್ನಲ್ಲಿ ಉಸಿರೇ ಇರಲಿಲ್ಲ. ಪರದೆ ಇಳಿಯಿತು. ಆಮೇಲೆ ಹೊರಗೆ ದೊಡ್ಡ ಸದ್ದು. ಅವಳು ತಿರುಗಿ ಹೋದ ರಭಸಕ್ಕೆ ಬೀದಿಯುದ್ದಕ್ಕೂ ಹೆಂಚುಗಳು ಹಾರಿದವು, ಆಲದ ಕೊಂಬೆ ಮುರಿಯಿತು, ಬೋರಲಿಂಗಯ್ಯನ ಪೇಟ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಜವರಜ್ಜನ ಉಸಿರು ಆ ಗದ್ದಲದಲ್ಲಿ ತಾನಾಗಿಯೇ ಹೊರಟುಹೋಯಿತು. ಯಾರೂ ಈಸಿಕೊಳ್ಳಲಿಲ್ಲ. ಎಲ್ಲಿಗೆ ಹೋಯಿತೋ.

ಅವತ್ತಿನಿಂದ ಹೀಗೇ. ಗಾಳಿ ಬರುತ್ತದೆ, ಇಲ್ಲವೆನ್ನುವ ಹಾಗಿಲ್ಲ. ತನಗೆ ತೋಚಿದಾಗ ಬರುತ್ತದೆ, ಬೇಡದಾಗ ಬೀಸುತ್ತದೆ, ರಾಗಿ ತೂರುವಾಗ ಕೈಕೊಡುತ್ತದೆ, ಹಸುವಿನ ಕೊಟ್ಟಿಗೆಯ ಸೂರನ್ನು ಹೊತ್ತುಕೊಂಡು ಹೋಗುತ್ತದೆ. ಯಾರ ಮನೆಯಲ್ಲೂ ತಂಗುವುದಿಲ್ಲ. ದೀಪ ಆರಿಸಿದರೂ ಅದು ತಮಾಷೆಗಲ್ಲ, ಅದಕ್ಕೆ ಅಲ್ಲೊಂದು ದೀಪ ಇರುವುದೇ ಗೊತ್ತಿಲ್ಲ. ಬೀಸವ್ವ ಅಂತ ಕೂಗಿದರೆ ತಿರುಗುವುದಿಲ್ಲ. ನಮಗೂ ಅವಳು ಅನ್ನಲು ಬಾಯಿ ಬರುವುದಿಲ್ಲ, ಅದು ಅನ್ನುತ್ತೇವೆ.

ಊರಿನವರು ನನ್ನ ಮನೆಯ ನೀರು ಮುಟ್ಟದೆ ಬಹಳ ದಿನ ಇದ್ದರು. ಹೊಂಬಾಳೆ ಗುಡಿಸಿದ್ದರ ಸುದ್ದಿಯನ್ನು ಕಾಟಮ್ಮ ಯಾರಿಗೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಎಲ್ಲ ನನ್ನ ತಲೆಗೇ ಬಂದಿತ್ತು. ಹೊಂಬಾಳೆ ಒಮ್ಮೆ ಮಗುವಿಗೆ ಹಾಲು ಕುಡಿಸುತ್ತಾ, "ಅವ್ಳು ಹೋಗಿದ್ದು ನಾನು ಗುಡಿಸಿದ್ದಕ್ಕಾ, ನೀನು ಊದಿದ್ದಕ್ಕಾ ಅವ್ವ?" ಅಂತ ಕೇಳಿದಳು. ನನಗೆ ಗೊತ್ತಿಲ್ಲ, ಈಗಲೂ ಗೊತ್ತಿಲ್ಲ. "ನಿನ್ನ ಮಗಳು ಕುಡೀತಾ ಅವ್ಳಲ್ಲ, ಅದ ನೋಡು," ಅಂದೆ. ಬೀದಿಯಲ್ಲಿ ಯಾರಾದರೂ, "ಇನ್ನೊಸಿ ಹೊತ್ತು ಕಾಯ್ಬಾರ್ದಾಗಿತ್ತಾ ಪುಟ್ಟೀರವ್ವ? ಬಂದೇ ಬಂದಿದ್ಲಲ್ಲ," ಅಂದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. "ಮಗೀನ ಮುಖ ನೀವು ನೋಡಿರ್ಲಿಲ್ಲ. ನೀವು ಪರದೆ ನೋಡ್ತಾ ಇದ್ರಿ," ಅನ್ನುತ್ತಿದ್ದೆ. ಇವತ್ತು ಕೇಳಿದರೂ ಅದನ್ನೇ ಅನ್ನುತ್ತೇನೆ.

ಮುಂದಿನ ಹೆರಿಗೆ ಬೋರಲಿಂಗಯ್ಯನ ಸೊಸೆಯದೇ. ಅವರ ಮನೆಯವರೆಲ್ಲ ಪರದೆ ನೋಡಿಕೊಂಡು ಕೂತರು. ಪರದೆ ಅಲುಗಾಡುತ್ತಲೇ ಇತ್ತು, ಸುಮ್ಮನೆ, ಯಾವ ಅರ್ಥವೂ ಇಲ್ಲದೆ. ಆ ದೊಡ್ಡ ಮನುಷ್ಯ ತಲೆಗೆ ಬಟ್ಟೆಯೂ ಇಲ್ಲದೆ ನಮ್ಮ ಬಾಗಿಲಿಗೆ ಓಡಿಬಂದು, "ಅದೇನ್ ಮಾಡ್ದೆ ಹೇಳವ್ವ, ಹೆಂಗ್ ಮಾಡ್ದೆ, ಬೇಗ ಹೇಳು," ಅಂತ ಕೈಮುಗಿದ. ಓಡುತ್ತಾ ಓಡುತ್ತಲೇ ಹೇಳಿಕೊಟ್ಟೆ. ತಾನೇ ಊದಿದ. ಈಗ ಅವನು ಪಂಚಾಯಿತಿಯಲ್ಲಿ ತೀರ್ಪು ಹೇಳುವಾಗ ಮನೆಯಲ್ಲಿ ಮೊಮ್ಮಗ ಹಟ ಹಿಡಿದು ಅತ್ತರೆ ಉಸಿರು ಕೊಟ್ಟ ಇವನಿಗೆ ಇಲ್ಲಿ ಏದುಸಿರು ಬರುತ್ತದೆ, ಕೊನೆಯ ಮಾತು ಬೇರೆಯವರ ಪಾಲಾಗುತ್ತದೆ. ಈಗ ಬಸುರಿಯ ಮನೆಯಲ್ಲಿ ಐದನೆಯ ತಿಂಗಳಿಗೇ ಮಾತುಕತೆ ಶುರು, ಊದುವವರು ಯಾರು ಅಂತ. ಅತ್ತೆಯೋ ಅಮ್ಮನೋ ಅಂತ ಬೀಗರ ನಡುವೆ ಮುನಿಸೂ ಆಗುತ್ತದೆ. ಕೆಲವರು ಮೆಲ್ಲಗೆ ಹಿಂದೆ ಸರಿಯುತ್ತಾರೆ. ಕಾಟಮ್ಮ ಮೂವರು ಮೊಮ್ಮಕ್ಕಳಿಗೆ ಊದಿ, ಈಗ ಸೊಸೆಯಂದಿರನ್ನು ಬೈಯಬೇಕಾದರೆ ಕೂತುಕೊಂಡು ಬೈಯುತ್ತಾಳೆ.

ನನ್ನ ಮೊಮ್ಮಗಳಿಗೆ ಉಸಿರವ್ವ ಅಂತಲೇ ಹೆಸರು ಬಿತ್ತು. ಅವಳೂ ಅವಳ ಅಮ್ಮನೂ ನನ್ನ ಮನೆಯಲ್ಲೇ ಉಳಿದರು. ಈಗ ಅವಳಿಗೆ ಓಡಾಡುವ ವಯಸ್ಸು, ಒಂದು ಕಡೆ ನಿಲ್ಲುವವಳಲ್ಲ. ಅವಳು ಬೀದಿಯ ಆ ತುದಿಯಲ್ಲಿ ಓಡಿದರೆ ಇಲ್ಲಿ ಅಡುಗೆಮನೆಯಲ್ಲಿ ಕೂತ ನನಗೆ ಏದುಸಿರು. ಮರ ಹತ್ತಿದರೆ ನಾನು ಗೋಡೆ ಹಿಡಿದುಕೊಳ್ಳಬೇಕು. "ಯಾಕಜ್ಜಿ ಹಂಗ್ ಉಸಿರು ಬುಡ್ತೀಯಾ?" ಅಂತ ಒಮ್ಮೆ ಕೇಳಿದಳು. "ನೀನು ಓಡ್ತೀಯಲ್ಲ, ಅದಕ್ಕೆ," ಅಂದೆ. ನಗೆಚಾಟಿಕೆ ಅಂದುಕೊಂಡು ಇನ್ನೂ ಜೋರಾಗಿ ಓಡಿದಳು. ಓಡಲಿ ಬಿಡಿ, ಅದರ ಸಂಕಟ ನನಗೇನೂ ಇರಲಿಲ್ಲ. ನನ್ನನ್ನು ತಿನ್ನುತ್ತಿದ್ದದ್ದು ಬೇರೆ. ನನ್ನದೇ ಉಸಿರು ಅವಳಲ್ಲಿರುವುದಾದರೆ, ಅವಳು ಓಡಿದ್ದು ನನಗೆ ತಾಕುವುದಾದರೆ, ನನ್ನ ಉಸಿರು ನಿಂತ ದಿನ ಅವಳ ಗತಿ ಏನು? ಹೀಗೆ ಊದಿದವರಲ್ಲಿ ಯಾರೂ ಇನ್ನೂ ಸತ್ತಿರಲಿಲ್ಲ. ನಾನೇ ಮೊದಲನೆಯವಳು, ವಯಸ್ಸಿನಲ್ಲೂ ನಾನೇ ಹಿರಿಯಳು. ಕೇಳೋಣವೆಂದರೆ ಯಾರನ್ನು ಕೇಳುವುದು? ಒಂದು ಸಣ್ಣ ಜ್ವರ ಬಂದರೂ ಎದ್ದು ಹೋಗಿ ಮಲಗಿದ ಮಗುವಿನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಇಷ್ಟು ವರ್ಷ ಯಾರಿಗೂ ಹೇಳದೆ, ಹೊಂಬಾಳೆಗೂ ಹೇಳದೆ, ಈ ಭಯವನ್ನು ಒಬ್ಬಳೇ ಹೊತ್ತಿದ್ದೆ. ಕಷಾಯ ಕುಡಿದೆ, ಬಿಸಿಲಿಗೆ ಹೋಗದೆ ಇದ್ದೆ, ಸಾಯುವುದಕ್ಕೆ ನಾನು ಹೆದರಿದಷ್ಟು ಯಾರೂ ಹೆದರಿರಲಿಕ್ಕಿಲ್ಲ.

ಮೊನ್ನೆ ಸಂಜೆ ತಡೆಯಲಾಗಲಿಲ್ಲ. ಜಗಲಿಯ ಮೇಲೆ ಕೂತಿದ್ದೆ. ಅವಳು ಎದುರಿಗೆ ಬೀದಿಯಲ್ಲಿ ಕಾಟಮ್ಮನ ಮೊಮ್ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ತಿಳಿಯಲೇಬೇಕು ಅಂದುಕೊಂಡು, ಮೂಗು ಬಾಯಿ ಎರಡನ್ನೂ ಸೆರಗಿನಿಂದ ಬಿಗಿಯಾಗಿ ಒತ್ತಿಕೊಂಡೆ. ಉಸಿರು ನಿಲ್ಲಿಸಿದೆ. ಅವಳು ಒಂಟಿ ಕಾಲಲ್ಲಿ ಮೊದಲನೆ ಮನೆ ದಾಟಿದಳು. ನನ್ನ ಕಿವಿ ಗುಂಯ್ ಅಂತು. ಸ್ವಲ್ಪ ತಡವರಿಸಿದರೂ ಕೈ ತೆಗೆದುಬಿಡೋಣ ಅಂತ ಕಣ್ಣು ಕೀಳದೆ ನೋಡಿದೆ. ಎರಡನೆ ಮನೆ. ಎದೆ ಒಡೆಯುವ ಹಾಗಾಯಿತು. ಗೆರೆ ತುಳಿದೆ ಅಂತ ಯಾರೋ ಅಂದದ್ದಕ್ಕೆ ಸೊಂಟದ ಮೇಲೆ ಕೈಯಿಟ್ಟು, ಒಂದೇ ಉಸಿರಿಗೆ, ಥೇಟ್ ನನ್ನ ಗಂಟಲಲ್ಲಿ ಜಗಳ ತೆಗೆದಳು. ನನಗೆ ಕಣ್ಣು ಕತ್ತಲೆ ಬರುತ್ತಿತ್ತು, ಅವಳು ಬೈದು ಮುಗಿಸಿ, ಬಿಲ್ಲೆ ಎಸೆದು, ಮತ್ತೆ ಕುಂಟಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.